ಹಾರ್ಮೋನಿಯಂ: ಪರದೇಶದಿಂದ ಪಡಸಾಲೆಗೆ

ನಿತ್ಯವೂ ಕಣ್ಣೆದುರಿಗಿರುವ ವಸ್ತುಗಳ ಪೂರ್ವಾಪರವನ್ನು ನಾವು ವಿಚಾರಿಸುವುದು ವಿರಳ. ಶ್ರಾವಣಮಾಸ ಬಂದಿತೆಂದರೆ ನಮ್ಮ ನಾಡಿನ ಮಠಗಳಲ್ಲಿ, ಊರ ಗುಡಿಗಳಲ್ಲಿ ಪುರಾಣ ಪ್ರವಚನಗಳು ಆರಂಭವಾಗುತ್ತವೆ. ಪ್ರವಚನಕಾರರ ಮಗ್ಗುಲಲ್ಲಿ ಗವಾಯಿಗಳು ಕುಳಿತಿರುತ್ತಾರೆ. ಅವರ ಮುಂದೆ ಒಂದು ಹಾರ್ಮೋನಿಯಂ, ಪಕ್ಕದಲ್ಲಿ ತಬಲಾ. ಸೋಮವಾರದ ಭಜನೆಯಲ್ಲಿ, ಜಾತ್ರೆಯ ನಾಟಕದಲ್ಲಿ, ಶಾಲೆಯ ಪ್ರಾರ್ಥನೆಯಲ್ಲಿಯೂ ಇದೇ ಪೆಟ್ಟಿಗೆ ಕಾಣಿಸುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇದನ್ನು 'ಪೇಟಿ' ಎಂದು ಪ್ರೀತಿಯಿಂದ ಕರೆಯುತ್ತಾರೆ. ವಚನಗಾಯನವನ್ನು ಪೇಟಿಯಿಲ್ಲದೆ ಊಹಿಸಿಕೊಳ್ಳುವುದೂ ಅನೇಕರಿಗೆ ಕಷ್ಟ. ಆದುದರಿಂದಲೇ ಇದು ವೀಣೆ-ಕೊಳಲುಗಳಂತೆ ಬಹು ಪುರಾತನವಾದ ದೇಶೀಯ ವಾದ್ಯವೆಂಬ ಭಾವನೆ ಜನಮನದಲ್ಲಿ ನೆಲೆಯೂರಿದೆ.

ವಸ್ತುಸ್ಥಿತಿ ಹಾಗಿಲ್ಲ. ನಾವು ಇಂದು ನೋಡುವ ಕೈ ಹಾರ್ಮೋನಿಯಂ ಈ ರೂಪವನ್ನು ತಾಳಿ ಸುಮಾರು ನೂರನಲವತ್ತು ವರ್ಷಗಳಾಗಿವೆ, ಅಷ್ಟೆ. ಅದರ ತತ್ತ್ವ ಹುಟ್ಟಿದ್ದು ಚೀನಾ ಭಾಗದಲ್ಲಿ, ಯಂತ್ರವಾಗಿ ಬೆಳೆದದ್ದು ಯುರೋಪಿನಲ್ಲಿ, ನೆಲದ ಮೇಲೆ ಕುಳಿತು ಹಾಡುವವರ ಸಂಗಾತಿಯಾದದ್ದು ಭಾರತದಲ್ಲಿ. ಈ ಮಧ್ಯೆ ಅದು ಸನ್ಮಾನವನ್ನೂ ಕಂಡಿತು, ಬಹಿಷ್ಕಾರವನ್ನೂ ಕಂಡಿತು. ಈ ಕಥೆಯನ್ನು ನಮ್ಮ ಕುಟುಂಬಗಳು ತಿಳಿದಿರುವುದು ಅವಶ್ಯವೆಂದು ನಮಗೆ ತೋರುತ್ತದೆ. ಪಡಸಾಲೆಯ ಆ ಪೆಟ್ಟಿಗೆ ಇಂದು ಅನೇಕ ಮನೆಗಳಲ್ಲಿ ಅಟ್ಟವನ್ನೇರಿ ಕುಳಿತಿರುವುದೇ ಅದಕ್ಕೆ ಕಾರಣ.

ನಾಲಗೆಯ ಮರ್ಮ

ಹಾರ್ಮೋನಿಯಂ ಪೆಟ್ಟಿಗೆಯ ಮೇಲ್ಮುಚ್ಚಳವನ್ನು ತೆಗೆದು ಒಳಗಿನ ಹಲಗೆಯನ್ನು ಎತ್ತಿ ನೋಡಿದರೆ ಸಾಲುಸಾಲಾಗಿ ಜೋಡಿಸಿದ ಹಿತ್ತಾಳೆಯ ಚಿಕ್ಕ ಪಟ್ಟಿಗಳು ಕಾಣುತ್ತವೆ. ಪ್ರತಿಯೊಂದು ಪಟ್ಟಿಯಲ್ಲಿಯೂ ಒಂದು ಸೀಳು, ಆ ಸೀಳಿನ ಮೇಲೆ ಒಂದು ತುದಿಯಲ್ಲಿ ಮಾತ್ರ ಬಂಧಿತವಾದ ತೆಳುವಾದ ನಾಲಗೆ. ಇದಕ್ಕೆ 'ರೀಡು' ಎಂದು ಹೆಸರು. ತಿದಿಯಿಂದ ಬಂದ ಗಾಳಿ ಸೀಳಿನ ಮೂಲಕ ಹಾಯುವಾಗ ಈ ನಾಲಗೆ ಹಿಂದಕ್ಕೂ ಮುಂದಕ್ಕೂ ಬಳುಕುತ್ತದೆ. ಆ ಕಂಪನವೇ ನಾದ. ನಾಲಗೆ ಉದ್ದವಾಗಿದ್ದರೆ ಸ್ವರ ಮಂದ್ರ, ಗಿಡ್ಡವಾಗಿದ್ದರೆ ತಾರ. ನಾಲಗೆಯ ತುದಿಯನ್ನು ಅರದಿಂದ ತುಸು ಉಜ್ಜಿದರೆ ಸ್ವರ ಏರುತ್ತದೆ. ಬುಡದ ಬಳಿ ಕೆರೆದರೆ ಇಳಿಯುತ್ತದೆ. ಶ್ರುತಿ ಸರಿಪಡಿಸುವ ಕುಶಲಕರ್ಮಿಯ ವಿದ್ಯೆಯೆಲ್ಲ ಈ ಎರಡು ಸೂಕ್ಷ್ಮಗಳ ಮೇಲೆ ನಿಂತಿದೆ.

ಗಾಳಿಗೆ ಬಳುಕುವ ಈ ನಾಲಗೆಯ ತತ್ತ್ವವನ್ನು ಪೂರ್ವ ಏಷ್ಯಾದ ಜನರು ಎರಡು ಸಾವಿರ ವರ್ಷಗಳಿಗಿಂತಲೂ ಹಿಂದೆಯೇ ಅರಿತಿದ್ದರು. ಚೀನಾದ 'ಶೆಂಗ್' ಎಂಬ ವಾದ್ಯದಲ್ಲಿ ಬಿದಿರಿನ ಕೊಳವೆಗಳ ಕಟ್ಟಿನೊಳಗೆ ಇಂತಹ ನಾಲಗೆಗಳನ್ನು ಅಳವಡಿಸಿ ಬಾಯಿಯಿಂದ ಊದಿ ನುಡಿಸುತ್ತಾರೆ. 18ನೆಯ ಶತಮಾನದ ಉತ್ತರಾರ್ಧದಲ್ಲಿ ಬೀಜಿಂಗಿನಲ್ಲಿ ನೆಲೆಸಿದ್ದ ಅಮಿಯೊ ಎಂಬ ಫ್ರೆಂಚ್ ಪಾದ್ರಿ ಈ ವಾದ್ಯವನ್ನು ಪ್ಯಾರಿಸ್ಸಿಗೆ ಕಳುಹಿಸಿಕೊಟ್ಟರು. ಅದೇ ಕಾಲದಲ್ಲಿ ಕೋಪನ್‌ಹೇಗನ್ನಿನ ಪ್ರಾಧ್ಯಾಪಕ ಕ್ರಾಟ್ಸೆನ್‌ಸ್ಟೈನ್ ಎಂಬುವರು ಒಂದು ಸೋಜಿಗದ ಪ್ರಯೋಗದಲ್ಲಿ ತೊಡಗಿದ್ದರು. ಮನುಷ್ಯನಂತೆ ಸ್ವರಾಕ್ಷರಗಳನ್ನು ಉಚ್ಚರಿಸುವ ಯಂತ್ರವನ್ನು ರಚಿಸಬೇಕೆಂದು ಸೇಂಟ್ ಪೀಟರ್ಸ್‌ಬರ್ಗಿನ ವಿದ್ವತ್ ಪರಿಷತ್ತು ಸ್ಪರ್ಧೆಯನ್ನು ಏರ್ಪಡಿಸಿತ್ತು. ಬಗೆಬಗೆಯ ಆಕಾರದ ಕೊಳವೆಗಳಿಗೆ ಬಳುಕುವ ನಾಲಗೆಗಳನ್ನು ಜೋಡಿಸಿ ಆ, ಏ, ಈ, ಓ, ಊ ಎಂಬ ಧ್ವನಿಗಳನ್ನು ಹೊರಡಿಸಿದ ಅವರು 1780ರಲ್ಲಿ ಆ ಬಹುಮಾನವನ್ನು ಪಡೆದರು. ಮುಂದೆ ಕೋಟ್ಯಂತರ ಜನರ ಹಾಡಿಗೆ ಆಸರೆಯಾಗಲಿದ್ದ ಈ ನಾಲಗೆ ಯುರೋಪಿನಲ್ಲಿ ಮೊದಲು ಬಳಕೆಯಾದದ್ದು ಮಾತನ್ನು ಅನುಕರಿಸುವುದಕ್ಕೆಂಬುದು ವಿಶೇಷ ಸಂಗತಿ.

ಆ ಬಳಿಕ ಅನೇಕರು ಈ ದಿಕ್ಕಿನಲ್ಲಿ ಶ್ರಮಿಸಿದರು. ಬಾಯಿಯಿಂದ ಊದುವ ಮೌತ್ ಆರ್ಗನ್, ಎದೆಗೆ ತೂಗಿಕೊಂಡು ಎಳೆಯುವ ಅಕಾರ್ಡಿಯನ್ ಇವೆಲ್ಲ ಒಂದೇ ತಾಯಿಯ ಮಕ್ಕಳು. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆಯ್ನ್ ಎಂಬುವರು ತಮ್ಮ ಯಂತ್ರಕ್ಕೆ 'ಹಾರ್ಮೋನಿಯಂ' ಎಂಬ ಹೆಸರಿನಲ್ಲಿ ಹಕ್ಕುಪತ್ರವನ್ನು ಪಡೆದರು. ದೊಡ್ಡ ಆರ್ಗನ್ ವಾದ್ಯವನ್ನು ಕೊಳ್ಳಲು ಶಕ್ತಿಯಿಲ್ಲದ ಸಣ್ಣ ಚರ್ಚುಗಳಿಗೂ ಸಾಮಾನ್ಯ ಗೃಹಸ್ಥರಿಗೂ ಅದು ವರವಾಯಿತು.

ಕಾಲಿನಿಂದ ಕೈಗೆ

ಆ ಹಾರ್ಮೋನಿಯಂ ನಮ್ಮ ಪೇಟಿಯಂತಿರಲಿಲ್ಲ. ಅದೊಂದು ಮೇಜಿನಷ್ಟು ಎತ್ತರದ ವಾದ್ಯ. ವಾದಕನು ಕುರ್ಚಿಯ ಮೇಲೆ ಕುಳಿತು, ಎರಡೂ ಪಾದಗಳಿಂದ ತಿದಿಯನ್ನು ಒತ್ತುತ್ತ, ಎರಡೂ ಕೈಗಳಿಂದ ಹಲವು ಸ್ವರಗಳನ್ನು ಏಕಕಾಲಕ್ಕೆ ನುಡಿಸುತ್ತಿದ್ದನು. ಹೀಗೆ ಹಲವು ಸ್ವರಗಳನ್ನು ಒಟ್ಟುಗೂಡಿಸುವುದಕ್ಕೆ ಪಾಶ್ಚಾತ್ಯರು 'ಹಾರ್ಮನಿ' ಎನ್ನುತ್ತಾರೆ. ವಾದ್ಯದ ಹೆಸರು ಬಂದದ್ದು ಅಲ್ಲಿಂದ. ಕ್ರೈಸ್ತ ಪಾದ್ರಿಗಳೊಡನೆ ಮತ್ತು ಆಂಗ್ಲ ಅಧಿಕಾರಿಗಳ ಕುಟುಂಬಗಳೊಡನೆ 19ನೆಯ ಶತಮಾನದಲ್ಲಿ ಅದು ಹಡಗನ್ನೇರಿ ಭಾರತಕ್ಕೆ ಬಂದಿತು.

ಭಾರತೀಯ ಸಂಗೀತದ ದಾರಿ ಬೇರೆ. ನಮ್ಮಲ್ಲಿ ಸ್ವರಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಒಂದರ ಮೇಲೊಂದು ಪೇರಿಸಿಕೊಂಡು ಬರುವುದಿಲ್ಲ. ರಾಗವನ್ನು ನುಡಿಸಲು ಒಂದು ಕೈ ಸಾಕು. ಈ ಸರಳ ಸತ್ಯವನ್ನು ಕಂಡುಕೊಂಡು ವಾದ್ಯವನ್ನು ಮಾರ್ಪಡಿಸಿದವರಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರ ಹೆಸರು ಪ್ರಮುಖವಾದುದು. 'ದ್ವಾರಕಿನ್' ಎಂಬ ಪ್ರಸಿದ್ಧ ವಾದ್ಯದ ಅಂಗಡಿಯನ್ನು ಸ್ಥಾಪಿಸಿದ ಅವರು 1880ರ ದಶಕದಲ್ಲಿ ಕಾಲಿನ ತಿದಿಯನ್ನು ತೆಗೆದು, ಪೆಟ್ಟಿಗೆಯ ಬೆನ್ನಿಗೆ ಕೈಯಿಂದ ಒತ್ತುವ ತಿದಿಯನ್ನು ಅಳವಡಿಸಿದರು. ಹೊರಗಿನ ತಿದಿಯಿಂದ ಬಂದ ಗಾಳಿ ಒಳಗಿನ ಇನ್ನೊಂದು ತಿದಿಯಲ್ಲಿ ಶೇಖರವಾಗುತ್ತದೆ. ಅಲ್ಲಿನ ಸ್ಪ್ರಿಂಗು ಅದನ್ನು ಸಮಪ್ರಮಾಣದಲ್ಲಿ ಮೇಲಕ್ಕೆ ಒತ್ತುತ್ತದೆ. ಆದುದರಿಂದ ವಾದಕನ ಕೈ ಕ್ಷಣಕಾಲ ತಡೆದರೂ ನಾದವು ತುಂಡಾಗುವುದಿಲ್ಲ. ಒಂದು ಕೈ ಗಾಳಿಗೆ, ಇನ್ನೊಂದು ಕೈ ಸ್ವರಕ್ಕೆ. ಕುರ್ಚಿ ಹೋಗಿ ಚಾಪೆ ಬಂದಿತು. ಹಾಡುವವನೇ ನುಡಿಸಿಕೊಳ್ಳಬಹುದಾಯಿತು. ಹಾರ್ಮನಿಯಿಂದ ಹೆಸರು ಪಡೆದ ವಾದ್ಯ, ಹಾರ್ಮನಿಯ ಬಳಕೆಯೇ ಇಲ್ಲದ ಸಂಗೀತದ ಸೇವೆಗೆ ಹೀಗೆ ಸಿದ್ಧವಾಯಿತು.

ಮೊದಮೊದಲು ಜರ್ಮನಿಯಿಂದ, ಪ್ಯಾರಿಸ್ಸಿನಿಂದ ಬರುತ್ತಿದ್ದ ರೀಡುಗಳಿಗೆ ಬಹಳ ಬೆಲೆಯಿತ್ತು. ಹಳೆಯ ಪೇಟಿಗಳನ್ನು ಉಳ್ಳವರು ಈಗಲೂ 'ಇದು ಜರ್ಮನ್ ರೀಡು' ಎಂದು ಅಭಿಮಾನದಿಂದ ಹೇಳಿಕೊಳ್ಳುವುದುಂಟು. ಕ್ರಮೇಣ ನಮ್ಮ ದೇಶದಲ್ಲಿಯೇ ರೀಡುಗಳು ತಯಾರಾದವು. ಗುಜರಾತಿನ ಪಾಲಿತಾಣಾ ಪಟ್ಟಣ ಈ ಕಾಯಕಕ್ಕೆ ಹೆಸರಾಯಿತು. ಶತ್ರುಂಜಯ ಬೆಟ್ಟದ ಬುಡದಲ್ಲಿರುವ ಆ ಊರು ಜೈನರ ಮಹಾಕ್ಷೇತ್ರ. ಒಂದು ಮತದವರ ಯಾತ್ರಾಸ್ಥಳದಲ್ಲಿ ಹಿತ್ತಾಳೆಯನ್ನು ಅರದಿಂದ ಉಜ್ಜಿ ರೂಪಿಸಿದ ನಾಲಗೆ, ಇನ್ನೊಂದು ಮತದವರ ಗುರುದ್ವಾರದಲ್ಲಿ, ಮತ್ತೊಬ್ಬರ ದರ್ಗಾದ ಕವ್ವಾಲಿಯಲ್ಲಿ, ಮಗದೊಬ್ಬರ ಮಠದ ಭಜನೆಯಲ್ಲಿ ನುಡಿಯುತ್ತದೆ. ಕುಲವನ್ನು ಕೇಳದೆ ನಡೆಯನ್ನು ನೋಡಬೇಕೆಂದು ಶರಣರು ನಮಗೆ ಕಲಿಸಿದ ಪಾಠ ವಾದ್ಯಗಳಿಗೂ ಅನ್ವಯಿಸುತ್ತದೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆರೋಪ ಮತ್ತು ಬಹಿಷ್ಕಾರ

ಎಲ್ಲರೂ ಈ ಪೆಟ್ಟಿಗೆಯನ್ನು ಆದರದಿಂದ ಬರಮಾಡಿಕೊಂಡರೆಂದು ತಿಳಿಯಬಾರದು. ವಿದ್ವಾಂಸರು ಇದರ ಮೇಲೆ ಎರಡು ಗುರುತರವಾದ ಆರೋಪಗಳನ್ನು ಹೊರಿಸಿದರು. ಆ ಆರೋಪಗಳಲ್ಲಿ ಹುರುಳಿದೆ.

ಮೊದಲನೆಯದು, ಇದರಲ್ಲಿ ಸ್ವರದಿಂದ ಸ್ವರಕ್ಕೆ ಜಾರುವಂತಿಲ್ಲ. ವೀಣೆಯ ತಂತಿಯನ್ನು ಎಳೆದು, ಸಾರಂಗಿಯ ತಂತಿಯ ಮೇಲೆ ಉಗುರನ್ನು ಸರಿಸಿ, ಕಂಠವನ್ನು ಬಳುಕಿಸಿ ನಾವು ಮೀಂಡು-ಗಮಕಗಳನ್ನು ತರುತ್ತೇವೆ. ಪೇಟಿಯಲ್ಲಿ ಒಂದೊಂದು ಸ್ವರಕ್ಕೂ ಒಂದೊಂದು ಮನೆ ಗೊತ್ತಾಗಿದೆ. ಮನೆಯಿಂದ ಮನೆಗೆ ಹಾರಬೇಕೇ ಹೊರತು ನಡುವಣ ದಾರಿಯಿಲ್ಲ.

ಎರಡನೆಯದು ಇನ್ನೂ ಸೂಕ್ಷ್ಮವಾದುದು. ಷಡ್ಜವು ಸೆಕೆಂಡಿಗೆ 240 ಕಂಪನಗಳದ್ದೆಂದು ಇಟ್ಟುಕೊಳ್ಳೋಣ. ತಂಬೂರಿಯ ನಾದದಲ್ಲಿ ತಾನಾಗಿಯೇ ಹೊಮ್ಮುವ ಗಾಂಧಾರಕ್ಕೆ ಹೊಂದುವ ಸ್ವರ 300 ಕಂಪನಗಳದ್ದು, ಪಂಚಮ 360, ಅವುಗಳೊಡನೆ ಮಿಲನವಾಗುವ ಧೈವತ 400. ಆದರೆ ಪಾಶ್ಚಾತ್ಯರು ಯಾವ ಸ್ವರದಿಂದ ಆರಂಭಿಸಿದರೂ ಅನುಕೂಲವಾಗಲೆಂದು ಸಪ್ತಕವನ್ನು 12 ಸಮಭಾಗಗಳಾಗಿ ಹಂಚಿದರು. ಆ ಹಂಚಿಕೆಯಲ್ಲಿ ಗಾಂಧಾರ ಸುಮಾರು 302.4, ಪಂಚಮ 359.6, ಧೈವತ 403.6 ಆಗುತ್ತವೆ. ಪಂಚಮದ ವ್ಯತ್ಯಾಸ ಕಿವಿಗೆ ತಿಳಿಯುವುದೇ ಕಷ್ಟ. ಗಾಂಧಾರ-ಧೈವತಗಳದ್ದು ಹಾಗಲ್ಲ. 300 ಮತ್ತು 302.4 ಕಂಪನಗಳ ಎರಡು ದನಿಗಳು ಒಟ್ಟಿಗೆ ಹೊರಟರೆ ಸೆಕೆಂಡಿಗೆ ಎರಡು ಮೂರು ಬಾರಿ ನಾದವು ತೊನೆಯುತ್ತದೆ. ಪಳಗಿದ ಕಿವಿಗೆ ಅದು ಅನ್ನದಲ್ಲಿ ಸಿಕ್ಕ ಹರಳಿನಂತೆ. ಪೇಟಿಯನ್ನೇ ಗುರುವೆಂದು ನಂಬಿ ಅಭ್ಯಾಸ ಮಾಡುವ ಬಾಲಕನ ಕಂಠ ಆ ಏರಿದ ಗಾಂಧಾರಕ್ಕೇ ಒಗ್ಗಿಹೋಗುತ್ತದೆಯೆಂಬುದು ಹಿರಿಯರ ಭಯವಾಗಿತ್ತು.

ದೆಹಲಿಯ ಬಾನುಲಿ ನಿಲಯದಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಆಂಗ್ಲ ಸಂಗೀತಕಾರ ಜಾನ್ ಫೋಲ್ಡ್ಸ್ 1938ರಲ್ಲಿ ಹಾರ್ಮೋನಿಯಂ ವಿರುದ್ಧ ಲೇಖನವನ್ನು ಬರೆದರು. 1940ರ ಜನವರಿಯಲ್ಲಿ ಕವಿ ರವೀಂದ್ರನಾಥ ಠಾಕೂರರು ಕಲ್ಕತ್ತೆಯ ನಿಲಯಕ್ಕೆ ಪತ್ರ ಬರೆದು, ತಮ್ಮ ಆಶ್ರಮದಿಂದ ಈ ವಾದ್ಯವನ್ನು ದೂರವಿರಿಸಿರುವುದನ್ನು ತಿಳಿಸಿ, ಬಾನುಲಿಯಿಂದಲೂ ಅದನ್ನು ತೆಗೆಯಬೇಕೆಂದು ಕೋರಿದರು. ಅದೇ ವರ್ಷದ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋದಲ್ಲಿ ಹಾರ್ಮೋನಿಯಂ ನಿಷಿದ್ಧವಾಯಿತು. ಪರದೇಶದ ವಾದ್ಯವನ್ನು ಭಾರತದ ಬಾನುಲಿಯಿಂದ ಹೊರಗಟ್ಟಿದಾಗ ಆ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಲಯೊನೆಲ್ ಫೀಲ್ಡನ್ ಎಂಬ ಪರದೇಶದವರೇ ಆಗಿದ್ದರು! ಸ್ವಾತಂತ್ರ್ಯ ಬಂದ ಮೇಲೂ ನಿಷೇಧ ಮುಂದುವರಿಯಿತು. 1950ರಲ್ಲಿ ನಮ್ಮ ಧಾರವಾಡದ ನಿಲಯ ಆರಂಭವಾದಾಗಲೂ ಅದು ಜಾರಿಯಲ್ಲಿತ್ತು. ಊರೂರುಗಳ ಕಛೇರಿಗಳಲ್ಲಿ ಪೇಟಿಯ ಸಾಥಿಯೊಡನೆ ಹಾಡುತ್ತಿದ್ದ ಗಾಯಕರು ಬಾನುಲಿಗೆ ಬಂದಾಗ ಅದನ್ನು ಬಿಟ್ಟು ಹಾಡಬೇಕಾಗಿತ್ತು. 1970ರಲ್ಲಿ ಆಕಾಶವಾಣಿಯೇ ಒಂದು ವಿಚಾರಸಂಕಿರಣವನ್ನು ನಡೆಸಿ ವಾದ-ಪ್ರತಿವಾದಗಳನ್ನು ಆಲಿಸಿತು. 1971ರಲ್ಲಿ ನಿಷೇಧ ಭಾಗಶಃ ಸಡಿಲವಾಯಿತು.

ಈ ಪ್ರಶ್ನೆ ಇಂದಿಗೂ ಮುಗಿದಿಲ್ಲ. 2022ರ ಮೇ ತಿಂಗಳಲ್ಲಿ ಸಿಖ್ಖರ ಶ್ರೇಷ್ಠ ಪೀಠವಾದ ಅಕಾಲ ತಖ್ತಿನ ಮುಖ್ಯಸ್ಥರು, ಅಮೃತಸರದ ಹರಿಮಂದಿರದ ಕೀರ್ತನೆಯಲ್ಲಿ ಮೂರು ವರ್ಷಗಳೊಳಗೆ ಹಾರ್ಮೋನಿಯಂ ಬಳಕೆಯನ್ನು ಹಂತಹಂತವಾಗಿ ಕೈಬಿಟ್ಟು, ಗುರುಗಳ ಕಾಲದ ರಬಾಬ್ ಮುಂತಾದ ತಂತಿವಾದ್ಯಗಳನ್ನು ಮರಳಿ ತರಬೇಕೆಂದು ಸೂಚಿಸಿದರು. ಪರಂಪರೆಯ ರಕ್ಷಣೆಗಾಗಿ ಕಳಕಳಿ ತಾಳುವುದು ಗೌರವಿಸತಕ್ಕ ವಿಷಯವೇ ಸರಿ.

ಇನ್ನೊಂದೆಡೆ, ದೋಷವಿದೆಯೆಂದು ವಾದ್ಯವನ್ನೇ ಎಸೆಯದೆ ಅದನ್ನು ತಿದ್ದಹೊರಟ ಮಹನೀಯರೂ ಉಂಟು. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲ ಮತ್ತು ಆಂಗ್ಲ ಅಧಿಕಾರಿ ಕ್ಲೆಮೆಂಟ್ಸ್ ಇವರು ಒಂದು ಶತಮಾನದ ಹಿಂದೆಯೇ 22 ಶ್ರುತಿಗಳ ಹಾರ್ಮೋನಿಯಂ ಮಾಡಿಸಿದರು. ನಮ್ಮ ಕಾಲದಲ್ಲಿ ಮಹಾರಾಷ್ಟ್ರದ ವೈದ್ಯ ಡಾ. ವಿದ್ಯಾಧರ ಓಕ್ ಅವರು ಅದೇ ಪ್ರಯತ್ನವನ್ನು ಮುಂದುವರಿಸಿದ್ದಾರೆ. ನಮ್ಮ ಬೆಳಗಾವಿಯ ಪಂಡಿತ ರಾಮಭಾವು ವಿಜಾಪುರೆಯವರು (1917–2010) ಯಾವ ಹೊಸ ಯಂತ್ರವನ್ನೂ ಬಯಸದೆ, ಇದ್ದ ಪೇಟಿಯಲ್ಲಿಯೇ ಬೆರಳಿನ ನಯದಿಂದ ಗಾಯನದ ಛಾಯೆಯನ್ನು ಮೂಡಿಸಿ, ಅನೇಕ ಶಿಷ್ಯರನ್ನು ಸಿದ್ಧಗೊಳಿಸಿದರು. ಜಾರುವ ಶಕ್ತಿಯಿಲ್ಲದ ವಾದ್ಯವೂ ಸಾಧಕನ ಕೈಯಲ್ಲಿ ಜಾರಿದಂತೆ ಕೇಳಿಸಬಲ್ಲದೆಂಬುದನ್ನು ಅವರಂತಹವರು ತೋರಿಸಿಕೊಟ್ಟರು.

ಕಣ್ಣಿಲ್ಲದವರಿಗೆ ಬೆರಳೇ ಕಣ್ಣು

ಆರೋಪಗಳನ್ನು ಕೇಳಿದೆವು. ಈಗ ಪೇಟಿಯ ಪರವಾಗಿ ಒಂದು ಸಾಕ್ಷ್ಯವನ್ನು ಆಲಿಸಬೇಕು. ಅದು ನಮ್ಮ ನಾಡಿನದೇ.

1914ರಲ್ಲಿ ಹಾವೇರಿ ಬಳಿಯ ದೇವಗಿರಿಯಲ್ಲಿ ಒಂದು ಶಿಶು ಜನಿಸಿತು. ಬಾಲ್ಯದಲ್ಲಿಯೇ ದೃಷ್ಟಿ ಹೋಯಿತು. ಮನೆಯಲ್ಲಿ ಸೋದರಮಾವನು ನುಡಿಸುತ್ತಿದ್ದ ಒಂದು ಹಾರ್ಮೋನಿಯಂ ಇದ್ದಿತು. ಆ ಅಂಧ ಬಾಲಕ ಅದರ ಮೇಲೆ ಕೈಯಾಡಿಸುತ್ತ ತಾನು ಕೇಳಿದ ಮಟ್ಟುಗಳನ್ನು ತಾನೇ ನುಡಿಸತೊಡಗಿದ. ಅದನ್ನು ಗಮನಿಸಿದ ಸೋದರಮಾವನು ಬಾಲಕನನ್ನು ಗಾನಯೋಗಿ ಪಂಚಾಕ್ಷರಿ ಗವಾಯಿಗಳ ಬಳಿಗೆ ಕರೆದೊಯ್ದನು. ಆ ಬಾಲಕನೇ ಮುಂದೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಪೂಜ್ಯ ಪುಟ್ಟರಾಜ ಗವಾಯಿಗಳಾದರು. 2010ರಲ್ಲಿ ಅವರು ಲಿಂಗೈಕ್ಯರಾಗುವವರೆಗೆ ಆ ಆಶ್ರಮದಲ್ಲಿ ಅನ್ನ, ಆಶ್ರಯ, ವಿದ್ಯೆಗಳನ್ನು ಪಡೆದ ಅಂಧ ಮತ್ತು ಅನಾಥ ಮಕ್ಕಳು ಅಸಂಖ್ಯಾತರು. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಿಂದ ಬೆಳೆದು, ನಾಟಕ ಮಂಡಳಿಯನ್ನು ಕಟ್ಟಿ, ಊರೂರು ತಿರುಗಿ ಈ ಮಕ್ಕಳನ್ನು ಸಲಹಿದ ಕಥೆ ನಮ್ಮ ಓದುಗರಿಗೆ ಹೊಸದಲ್ಲ. ಪಂಡಿತ ಬಸವರಾಜ ರಾಜಗುರುಗಳಂತಹ ಮೇರು ಗಾಯಕರು ಅವರ ಶಿಷ್ಯರೆಂಬುದೂ ಸುವಿದಿತ.

ಇಲ್ಲಿ ನಾವು ಗಮನಿಸಬೇಕಾದ ಅಂಶ ಬೇರೆ. ವೀಣೆಯನ್ನೋ ಸಾರಂಗಿಯನ್ನೋ ಮುಟ್ಟಿದ ಹಸುಳೆಗೆ ಶುದ್ಧವಾದ ಒಂದು ಸ್ವರ ದೊರೆಯಬೇಕಾದರೆ ವರ್ಷಗಳ ಸಾಧನೆ ಬೇಕು. ಪೇಟಿಯಲ್ಲಿ ಮನೆಗಳು ನಿಶ್ಚಿತ. ಎರಡು ಕಪ್ಪು, ಮೂರು ಕಪ್ಪು ಎಂದು ಉಬ್ಬಿರುವ ಮನೆಗಳನ್ನು ಬೆರಳಿನಿಂದಲೇ ಎಣಿಸಬಹುದು, ಕಣ್ಣು ಬೇಡ. ಯಾವ ಗುಣವನ್ನು ವಿದ್ವಾಂಸರು ದೋಷವೆಂದರೋ, ಅದೇ ಆ ಅಂಧ ಬಾಲಕನಿಗೆ ಬಾಗಿಲಾಯಿತು. ಬಾಗಿಲನ್ನು ದಾಟಿ ಒಳಗೆ ಹೋದ ಮೇಲೆ ಗುರುವು ಕಿವಿಯನ್ನು ತಿದ್ದಿದನು. ಬಾಗಿಲೇ ಇಲ್ಲದಿದ್ದರೆ ಗುರುವಿನ ಬಳಿಗೆ ಹೋಗುವ ದಾರಿಯೇ ತೆರೆಯುತ್ತಿರಲಿಲ್ಲವೇನೋ.

ಪಡಸಾಲೆಯ ಮೌನ

ನಮ್ಮ ಬಾಲ್ಯದಲ್ಲಿ ಅನುಕೂಲವಂತರ ಮನೆಗಳಲ್ಲಿ, ಊರ ಭಜನಾಮಂಡಳಿಯ ಕೋಣೆಯಲ್ಲಿ ಒಂದೊಂದು ಪೇಟಿ ಇದ್ದೇ ಇರುತ್ತಿತ್ತು. ಮಠದ ಪಾಠಶಾಲೆಯಲ್ಲಿ ನಾವು ಸಾಯಂಪ್ರಾರ್ಥನೆಗೆ ಕುಳಿತಾಗ ಹಿರಿಯ ವಿದ್ಯಾರ್ಥಿಯೊಬ್ಬರು ತಿದಿಯೊತ್ತಿ ಷಡ್ಜವನ್ನು ಹಿಡಿದರೆ ಸಾಕು, ಕಂಠ ಚೆನ್ನಾಗಿಲ್ಲದವರೂ ದನಿಗೂಡಿಸುತ್ತಿದ್ದರು. ಆ ಗುಂಪಿನಲ್ಲಿ ಸಂಗೀತಗಾರರಾದವರು ವಿರಳ; ಆದರೆ ವಚನಗಳು ಎಲ್ಲರಿಗೂ ಕಂಠಸ್ಥವಾದವು. ಹಾಡಿ ಕಲಿತದ್ದು ಮರೆಯುವುದಿಲ್ಲ.

ಇಂದು ಕಾಲ ಬದಲಾಗಿದೆ. ನಮ್ಮ ಬೆಂಗಳೂರಿನಲ್ಲಿಯೇ, ಕೊಳಲುವಾದಕರೂ ಎಂಜಿನಿಯರರೂ ಆದ ಜಿ. ರಾಜನಾರಾಯಣ ಅವರು 1970ರ ದಶಕದ ಕೊನೆಯಲ್ಲಿ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ಗಾಳಿಯೂ ತಿದಿಯೂ ಇಲ್ಲದೆ ಶ್ರುತಿ ಹೊಮ್ಮುವ ಆ ಪೆಟ್ಟಿಗೆ ಅಸಂಖ್ಯ ವಿದ್ಯಾರ್ಥಿಗಳಿಗೆ ಉಪಕಾರವನ್ನು ಮಾಡಿತು. ಈಗ ಅಂಗೈಯಗಲದ ಮೊಬೈಲಿನಲ್ಲಿ ತಂಬೂರಿಯಿದೆ, ತಬಲಾ ಇದೆ, ಗಾಜಿನ ಮೇಲೆ ಬೆರಳಿಟ್ಟರೆ ನುಡಿಯುವ ಹಾರ್ಮೋನಿಯಂ ಕೂಡ ಇದೆ. ಪಂಡಿತ ಮಲ್ಲಿಕಾರ್ಜುನ ಮನಸೂರರ ವಚನಗಾಯನವನ್ನು ಬೇಕೆಂದಾಗ ಕೇಳಬಹುದು. ಸಾಗರದಾಚೆಯ ನಾಡುಗಳಲ್ಲಿ ಕೀರ್ತನೆಗೆ ಮನಸೋತ ಪಾಶ್ಚಾತ್ಯರು ನಮ್ಮ ಕೈ ಹಾರ್ಮೋನಿಯಂ ತರಿಸಿಕೊಂಡು, ಅಂತರ್ಜಾಲದ ಪಾಠಗಳನ್ನು ನೋಡಿ ಕಲಿಯುತ್ತಾರೆ. ದೆಬೆಯ್ನ್ ಅವರ ವಾದ್ಯವು ಹುಟ್ಟಿದ ನಾಡಿನಲ್ಲಿ ವಸ್ತುಸಂಗ್ರಹಾಲಯಗಳನ್ನು ಸೇರಿದೆ. ನಮ್ಮಲ್ಲಿ ಮರುಹುಟ್ಟು ಪಡೆದ ಅದರ ಮಗು ಮರಳಿ ಅಲ್ಲಿಗೆ ಪಯಣ ಮಾಡಿದೆ.

ಈ ಅನುಕೂಲಗಳನ್ನು ನಾವು ಹಳಿಯುವುದಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಮನಗಾಣಬೇಕು. ಪೇಟಿಯು ತಾನಾಗಿ ಹಾಡುವುದಿಲ್ಲ. ಅದಕ್ಕೆ ಉಸಿರನ್ನು ಮನುಷ್ಯನ ಕೈಯೇ ಕೊಡಬೇಕು. ಕೈ ನಿಂತರೆ ಅದೂ ನಿಲ್ಲುತ್ತದೆ. ಪೇಟಿ ಇದ್ದ ಮನೆಯಲ್ಲಿ ಯಾರಾದರೊಬ್ಬರು ಹಾಡಲೇಬೇಕಾಗಿತ್ತು. ಮುದ್ರಿತ ಗಾಯನ ಹಾಗಲ್ಲ. ಅದು ನಾವು ಸುಮ್ಮನಿದ್ದಷ್ಟೂ ಚೆನ್ನಾಗಿ ಕೇಳಿಸುತ್ತದೆ. ಸಂಜೆಯ ಪೂಜೆಗೆ ಮೊಬೈಲಿನಿಂದ ವಚನಗಳು ಹರಿಯುತ್ತವೆ, ಮನೆಮಂದಿ ತಂತಮ್ಮ ಕೆಲಸದಲ್ಲಿರುತ್ತಾರೆ. 1940ರಲ್ಲಿ ಹಿರಿಯರು ಹೆದರಿದ್ದು ಪೇಟಿಯಿಂದ ನಮ್ಮ ಹಾಡು ಕೆಟ್ಟೀತೆಂದು. ಇಂದು ಒದಗಿರುವ ಆಪತ್ತು ಅದಕ್ಕಿಂತ ದೊಡ್ಡದು. ಹಾಡುವುದೇ ನಿಂತುಹೋದರೆ ಗಾಂಧಾರವು ಏರಿದೆಯೋ ಇಳಿದಿದೆಯೋ ಎಂದು ವಿಚಾರಿಸುವುದಕ್ಕಾದರೂ ಏನು ಉಳಿಯುತ್ತದೆ?

ಆದುದರಿಂದ ನಮ್ಮ ಗೃಹಸ್ಥ ಬಂಧುಗಳಲ್ಲಿ, ವಿಶೇಷವಾಗಿ ತಾಯಂದಿರಲ್ಲಿ ಕೆಲವು ಸೂಚನೆಗಳನ್ನು ಅರಿಕೆ ಮಾಡಿಕೊಳ್ಳುತ್ತೇವೆ. ಅಟ್ಟದ ಮೇಲಿರುವ ಪೇಟಿಯನ್ನು ಕೆಳಗಿಳಿಸಿ ಧೂಳನ್ನು ಝಾಡಿಸಿರಿ. ತಿದಿ ಹರಿದಿದ್ದರೆ, ಮನೆಗಳು ಒತ್ತಿಕೊಂಡೇ ಇದ್ದರೆ, ಬಲ್ಲ ಕುಶಲಕರ್ಮಿಯಿಂದ ದುರಸ್ತಿ ಮಾಡಿಸಿರಿ. ಮನೆಯವರು ಸಾಮಾನ್ಯವಾಗಿ ಹಾಡುವ ಷಡ್ಜವನ್ನು ಆತನಿಗೆ ತಿಳಿಸಿ, ಅದಕ್ಕೆ ಹೊಂದುವಂತೆ ಗಾಂಧಾರ-ಧೈವತಗಳನ್ನು ತಂಬೂರಿಯೊಡನೆ ಕೂಡಿಸಿಕೊಡಲು ಕೇಳಿರಿ. ಅರದ ನಾಲ್ಕು ಎಳೆತದಿಂದ ಆಗುವ ಕಾರ್ಯವದು. ಮಳೆಗಾಲದಲ್ಲಿ ತೇವ ತಾಗದಂತೆ ಬಟ್ಟೆಯನ್ನು ಹೊದಿಸಿಡಿರಿ. ಮಕ್ಕಳಿಗೆ ಕಲಿಸುವಾಗ ಮೊದಲು ಶ್ರುತಿಯೊಂದನ್ನೇ ಹಿಡಿದು, ಅದರ ಆಸರೆಯಲ್ಲಿ ಅವರೇ ಸ್ವರವನ್ನು ಹುಡುಕಿಕೊಳ್ಳಲಿ. ಸಿಕ್ಕ ಬಳಿಕ ಪೇಟಿಯ ಮನೆಯೊಡನೆ ಹೋಲಿಸಿ ನೋಡಲಿ. ಕಂಠವು ಮುಂದೆ, ಪೇಟಿಯು ಹಿಂದೆ. ಈ ಕ್ರಮ ತಪ್ಪದಿದ್ದರೆ ವಿದ್ವಾಂಸರ ಆರೋಪಗಳಲ್ಲಿ ಬಹುಪಾಲು ತಾನಾಗಿಯೇ ಪರಿಹಾರವಾಗುತ್ತದೆ. ಪೇಟಿ ಇಲ್ಲದವರು ಮೊಬೈಲಿನ ಶ್ರುತಿಯನ್ನಾದರೂ ಇಟ್ಟುಕೊಳ್ಳಲಿ, ಆದರೆ ಹಾಡು ಮಾತ್ರ ತಮ್ಮದೇ ಬಾಯಿಯಿಂದ ಹೊರಡಲಿ.

ವಾರಕ್ಕೊಂದು ಸಂಜೆ, ಅರ್ಧ ತಾಸು ಸಾಕು. ಅಜ್ಜನ ಗಡಸು ದನಿ, ಅಮ್ಮನ ಮೆಲುದನಿ, ಮೊಮ್ಮಕ್ಕಳ ತೊದಲು ಎಲ್ಲವೂ ಒಂದು ಷಡ್ಜದಲ್ಲಿ ಕೂಡಲಿ. ಸ್ವರ ಅಲ್ಲಲ್ಲಿ ತಪ್ಪಿದರೂ ಚಿಂತೆಯಿಲ್ಲ. ಚೀನಾದ ಬಿದಿರು, ಪ್ಯಾರಿಸ್ಸಿನ ಕೀಲು, ಕಲ್ಕತ್ತೆಯ ತಿದಿ, ಪಾಲಿತಾಣಾದ ಹಿತ್ತಾಳೆ ಇಷ್ಟು ದೂರ ಪಯಣಿಸಿ ನಮ್ಮ ಪಡಸಾಲೆಗೆ ಬಂದು ಕುಳಿತಿವೆ. ಅವುಗಳಿಗೆ ಉಸಿರು ತುಂಬುವ ಕೈ ಮಾತ್ರ ನಮ್ಮ ಮನೆಯದೇ ಆಗಬೇಕು.